ಉಗುರು ಗೀರು ಯಾವ ಕಡೆಗಿದೆ? ಎಡಗೈಯವರ ಜೇಬುಚಾಕು

ಪ್ರಶ್ನೆ: ನಮಸ್ಕಾರ ಸರ್. ನಾಪೋಕ್ಲು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನನಗೆ 47 ವರ್ಷ, ಹುಟ್ಟಿನಿಂದಲೇ ಎಡಗೈ. ಅಪ್ಪ ಸೈನ್ಯದಲ್ಲಿದ್ದರು. ಅವರು ಬಿಟ್ಟುಹೋದ ಮಡಚುವ ಚಾಕುವಿನಿಂದ ನನಗೂ ಹುಚ್ಚು ಹಿಡಿಯಿತು, ಈಗ ಹನ್ನೊಂದು ಚಾಕುಗಳಿವೆ. ಒಂದೂ ನನ್ನ ಕೈಗೆ ಸರಿಯಾಗಿ ಕೂರುವುದಿಲ್ಲ. ಅಪ್ಪನ ಚಾಕು ಬಿಡಿಸುವಾಗ ಪ್ರತಿ ಸಲ ಉಗುರು ಮುರಿಯುತ್ತದೆ. ಹೋದ ವರ್ಷ ಆನ್‌ಲೈನಲ್ಲಿ ಒಂದು ಲೈನರ್ ಲಾಕ್ (ಹಿಡಿಯ ಒಳತಗಡೇ ಲಾಕ್) ಚಾಕು ತರಿಸಿದೆ. ನೋಡಲು ಬಹಳ ಚೆಂದ, ಆದರೆ ಮುಚ್ಚುವಾಗ ಹೆಬ್ಬೆರಳು ಕೊಯ್ದುಕೊಂಡೆ. ‘ಎಡಗೈಯವರು ಲೈನರ್ ಲಾಕ್ ಮುಟ್ಟಲೇಬಾರದು, ಅದು ಕೈಯಲ್ಲೇ ಮಡಚಿಕೊಳ್ಳುತ್ತದೆ, ಎಡಗೈ ಚಾಕು ಅಂತಲೇ ಬೇರೆ ಬರುತ್ತದೆ’ ಎಂದು ತಮ್ಮ ಹೇಳುತ್ತಾನೆ. ಈ ಸಲದ ಕೊಡವರ ಆಯುಧಪೂಜೆ ಹಬ್ಬ ಕೈಲ್ ಪೊಳ್ದ್‌ಗೆ ಮುಂಚೆ ಒಂದು ಒಳ್ಳೆಯ ಚಾಕು ತಗೊಳ್ಳಬೇಕು. ಷೋಕೇಸಿನಲ್ಲಿ ಲಕ್ಷಣವಾಗಿ ಕಾಣಬೇಕು, ಕಿತ್ತಳೆ ಕೊಯ್ಯಲೂ ಆಗಬೇಕು. 15,000 ರೂಪಾಯಿ ಎತ್ತಿಟ್ಟಿದ್ದೇನೆ. ಕಡವೆ ಕೊಂಬಿನ ಹಿಡಿ ಇರುವುದೊಂದು ಕಣ್ಣಿಗೆ ಬಿದ್ದಿದೆ, ತಗೊಳ್ಳಲಾ? ಕೊಡಗಿನವರಿಗೆ ಆಯುಧಕ್ಕೆ ಲೈಸೆನ್ಸ್ ಬೇಡವಲ್ಲ, ಹಾಗಾಗಿ ಯಾವ ಚಾಕು ಇಟ್ಟುಕೊಂಡರೂ ತೊಂದರೆ ಇಲ್ಲ ಅಲ್ವಾ?

ಉತ್ತರ: ಹೆಬ್ಬೆರಳಿನ ಗಾಯ ಮಾಗಿದೆ ಎಂದುಕೊಳ್ಳುತ್ತೇನೆ. ನೀವು ನಾಲ್ಕೈದು ವಿಷಯ ಕೇಳಿದ್ದೀರಿ. ಎಲ್ಲದರ ಅಡಿಯಲ್ಲಿರುವ ಅನುಮಾನ ಒಂದೇ. ಚೆಂದದ ಚಾಕುಗಳೆಲ್ಲ ಬಲಗೈಯವರಿಗೇ ಮಾಡಿದ್ದಾ? ನಾನು ‘ಎಡಗೈ’ ಎಂದು ಬರೆದ ಡಬ್ಬಿಯನ್ನೇ ಹುಡುಕಬೇಕಾ? ಹುಡುಕಬೇಕಾಗಿಲ್ಲ. ಎಡಗೈಗೆ ಕಾಟ ಕೊಡುವುದು ಹೆಚ್ಚಾಗಿ ಈಚಿನ, ಒಂದೇ ಕೈಯಲ್ಲಿ ಪಟಕ್ಕನೆ ಬಿಡಿಸಿ ಮುಚ್ಚುವ ಚಾಕುಗಳು. ಹಳೇ ಮಾದರಿಯ ಚಾಕುಗಳಿವೆಯಲ್ಲ, ಮರದ ಹಿಡಿ, ಹಿತ್ತಾಳೆ ತಲೆ, ತೆಳ್ಳನೆಯ ಅಲಗು, ಅವುಗಳಲ್ಲಿ ತೊಂದರೆ ಕಡಿಮೆ. ನೀವು ಕೇಳುತ್ತಿರುವ ಲಕ್ಷಣವೂ ಅವುಗಳಲ್ಲೇ ಇದೆ.

ನಾನು ಬಲಗೈಯವನು. ಗೋಣಿಕೊಪ್ಪದಲ್ಲಿ 26 ವರ್ಷದಿಂದ ತೋಟದ ಕತ್ತಿ, ಕತ್ತರಿ ಮಸೆದು ಕೊಡುತ್ತೇನೆ, ಜೊತೆಗೆ ಸಂಗ್ರಹದವರ ಚಾಕು ರಿಪೇರಿ. ಎಡಗೈಯವರ ದೂರನ್ನು ಬಹಳ ವರ್ಷ ನಾನೂ ನಕ್ಕು ತಳ್ಳಿಹಾಕುತ್ತಿದ್ದೆ, ‘ಅಭ್ಯಾಸ ಆಗ್ತದೆ ಬಿಡಿ’ ಎನ್ನುತ್ತಿದ್ದೆ. ಆಮೇಲೊಂದು ಮಳೆಗಾಲ ಸಾಣೆಚಕ್ರಕ್ಕೆ ಬಲಗೈ ಹೆಬ್ಬೆರಳು ಕೊಟ್ಟೆ. ಐದು ವಾರ ಪಟ್ಟಿ. ಐದು ವಾರವೂ ಎಲ್ಲ ಕೆಲಸ ಎಡಗೈಯಲ್ಲಿ. ನನ್ನದೇ ಅಂಗಡಿಯ ಚಾಕುಗಳು ನನ್ನ ಮಾತು ಕೇಳದಾದವು. ಅಂದಿನಿಂದ ನಗುವುದು ಬಿಟ್ಟೆ.

ಅಪ್ಪನ ಚಾಕುವಿನಿಂದಲೇ ಶುರು ಮಾಡೋಣ. ಅದನ್ನು ಬಿಡಿಸಿ, ಮೊನೆ ಎದುರಿಗೆ ಇರಲಿ, ಬಾಯಿ, ಅಂದರೆ ಹರಿತದ ಅಂಚು, ಕೆಳಗಿರಲಿ. ಅಲಗಿನ ಬೆನ್ನಿನ ಹತ್ತಿರ ಉಗುರು ಸಿಗಿಸಲು ಒಂದು ಸಣ್ಣ ಗೀರು ಇರುತ್ತದೆ. ನಾವು ಅದಕ್ಕೆ ಉಗುರು ಗೀರು ಎನ್ನುತ್ತೇವೆ. ಹೆಚ್ಚಿನೆಲ್ಲ ಚಾಕುಗಳಲ್ಲಿ ಆ ಗೀರು ಎಡಮುಖದಲ್ಲಿ ಮಾತ್ರ ಇರುತ್ತದೆ. ಬಲಗೈಯವನು ಹಿಡಿಯನ್ನು ಬಲಗೈಯಲ್ಲಿ ಹಿಡಿದಾಗ ಗೀರು ಅವನ ಎಡ ಹೆಬ್ಬೆರಳಿಗೆ ನೇರ ಸಿಗುತ್ತದೆ. ನೀವು ಹಿಡಿಯನ್ನು ಎಡಗೈಯಲ್ಲಿ ಹಿಡಿದಾಗ ಅದೇ ಗೀರು ಆಚೆ ಮುಖಕ್ಕೆ ಹೋಗುತ್ತದೆ. ಆಗ ಚಾಕುವನ್ನು ತಿರುಗಿಸಿ, ಮಣಿಕಟ್ಟು ಮುರಿದು, ಉಗುರಿನ ಮೂಲೆಯಿಂದ ಎಬ್ಬಿಸಬೇಕು. ಸೈನ್ಯದ ಚಾಕುಗಳ ಸ್ಪ್ರಿಂಗ್ ಬಹಳ ಬಿಗಿ. ಉಗುರು ಮುರಿಯದೆ ಇನ್ನೇನಾಗುತ್ತದೆ? ನಿಮ್ಮ ಕೈಯಲ್ಲಿ ತಪ್ಪೇನಿಲ್ಲ.

ಇದಕ್ಕೆ ‘ಆ ಕಡೆಗೂ ಒಂದು ಗೀರು ಹೊಡೆಸಿಬಿಡಿ’ ಎಂದು ಯಾರಾದರೂ ಹೇಳಬಹುದು. ಬೇಡ. ನಾನೇ ಒಮ್ಮೆ ಗಿರಾಕಿಯೊಬ್ಬರ ಚಾಕುವಿಗೆ ಹೊಡೆದೆ. ಹದ ಮಾಡಿದ ಉಕ್ಕು ಗಟ್ಟಿ, ಅರ ಇಳಿಯುವುದಿಲ್ಲ, ಸಣ್ಣ ಚಕ್ರವನ್ನೇ ಹಿಡಿಯಬೇಕು. ಎರಡು ಸೆಕೆಂಡ್ ಜಾಸ್ತಿ ಹಿಡಿದೆ ಅಷ್ಟೇ. ಗೀರಿನ ಸುತ್ತ ಮೊದಲು ಒಣಹುಲ್ಲಿನ ಬಣ್ಣ ಬಂತು, ನೋಡನೋಡುತ್ತ ನೇರಳೆ, ಆಮೇಲೆ ನೀಲಿ. ನೀಲಿ ಬಂತೆಂದರೆ ಬಿಸಿ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಹೋಗಿದೆ, ಅಲ್ಲಿ ಹದ ಇಳಿದಿದೆ ಎಂದರ್ಥ. ಚಾಕು ಕೆಲಸಕ್ಕೆ ಬಂತು, ಸಂಗ್ರಹದ ಬೆಲೆ ಹೋಯಿತು. ಗಿರಾಕಿ ಏನೂ ಅನ್ನಲಿಲ್ಲ. ನನಗೇ ಈಗಲೂ ಚುಚ್ಚುತ್ತದೆ. ಅಪ್ಪನ ಚಾಕುವಿಗೆ ಕೀಲಿನಲ್ಲಿ ಎಣ್ಣೆ ಬಿಟ್ಟು ಹತ್ತಿಪ್ಪತ್ತು ಸಲ ಆಡಿಸಿ. ಅರ್ಧ ಬಿಗಿ ಒಣಗಿದ ಎಣ್ಣೆಯ ಜಿಡ್ಡಿನದು.

ಇನ್ನು ಲೈನರ್ ಲಾಕ್. ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಈಗಿನ ರೂಪದ ಲೈನರ್ ಲಾಕನ್ನು 1980ರ ದಶಕದ ಆರಂಭದಲ್ಲಿ ರೂಢಿಗೆ ತಂದವರು ಅಮೆರಿಕದ ಮೈಕಲ್ ವಾಕರ್. ಹಿಡಿಯ ಒಳಗಿನ ತಗಡನ್ನೇ ಸೀಳಿ ಸ್ಪ್ರಿಂಗಿನಂತೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ಬಿಚ್ಚಿಕೊಂಡಾಗ ಆ ತಗಡು ಜಾರಿ ಬಂದು ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ. ಚಾಕು ಚೆನ್ನಾಗಿ ಮಾಡಿದ್ದರೆ ಅದು ಯಾವ ಕೈಯಲ್ಲಿದ್ದರೂ ತಾನಾಗಿ ಮಡಚಿಕೊಳ್ಳುವುದಿಲ್ಲ. ನಿಮ್ಮ ಕೈ ಎಡವೋ ಬಲವೋ ತಗಡಿಗೇನು ಗೊತ್ತು? ಕಳಪೆ ಲೈನರ್ ಲಾಕ್ ಬಲಗೈಯಲ್ಲೂ ಕೈಕೊಡುತ್ತದೆ.

ಅಪಾಯ ಇರುವುದು ಮುಚ್ಚುವಾಗ. ಬಲಗೈಯವನು ತಗಡನ್ನು ಹೆಬ್ಬೆರಳಿನ ಹೊಟ್ಟೆಯಿಂದ ಆಚೆಗೆ ದೂಡುತ್ತಾನೆ. ಎಡಗೈಯಲ್ಲಿ ಹಿಡಿದಾಗ ಅದೇ ತಗಡನ್ನು ಉಗುರಿನಿಂದ ಈಚೆಗೆ ಎಳೆದುಕೊಳ್ಳಬೇಕು. ಎಳೆಯಲು ಹೆಬ್ಬೆರಳನ್ನು ಹಿಡಿಯ ಸಂದಿಯೊಳಗೆ ಇಳಿಸಬೇಕು, ಅಲಗು ಬಂದು ಕೂರುವ ದಾರಿಗೇ. ಲಾಕ್ ಬಿಟ್ಟ ಕ್ಷಣ ಬೆರಳು ಇನ್ನೂ ಒಳಗಿರುತ್ತದೆ. ನಿಮಗೆ ಆಗಿದ್ದು ಅದೇ ಇರಬೇಕು. ಆ ಚಾಕುವನ್ನು ಬಿಸಾಡಬೇಡಿ. ಎಡಗೈಯಲ್ಲಿ ಬಿಡಿಸಿ, ಕೊಯ್ಯಿರಿ. ಮುಚ್ಚುವಾಗ ಬಲಗೈಗೆ ಬದಲಾಯಿಸಿಕೊಳ್ಳಿ, ಅಥವಾ ಎರಡೂ ಕೈ ಬಳಸಿ. ನಾಚಿಕೆ ಯಾಕೆ, ನಾನೂ ಹಾಗೇ ಮುಚ್ಚುವುದು.

ಫ್ರೇಮ್ ಲಾಕ್ ಇದರ ಅಣ್ಣ. ಒಳತಗಡಿನ ಬದಲು ಹಿಡಿಯ ಒಂದು ಮಗ್ಗುಲೇ ಲಾಕ್. ಎಡಗೈಯಲ್ಲಿ ಹಿಡಿದಾಗ ಆ ಲಾಕಿನ ಪಟ್ಟಿ ನಿಮ್ಮ ಹೆಬ್ಬೆರಳಿನ ಕಡೆಗೇ ಬರುತ್ತದೆ. ಒತ್ತಿ ಹಿಡಿದಷ್ಟೂ ಪಟ್ಟಿಯಲ್ಲಿರುವ ಸಣ್ಣ ಗುಂಡು ಅಲಗನ್ನು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ‘ಈ ಚಾಕು ಬಹಳ ಟೈಟ್, ಸ್ವಲ್ಪ ಸಡಿಲ ಮಾಡಿಕೊಡಿ’ ಎಂದು ನನ್ನಲ್ಲಿಗೆ ತಂದ ಎಡಗೈಯವರೆಷ್ಟೋ. ಅದನ್ನೇ ಪಟ್ಟಿ ಒತ್ತದೆ ತಟ್ಟಿದರೆ ಬೆಣ್ಣೆಯಂತೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಮಾತ್ರ ನಿಜವಾಗಿಯೂ ಎಡಗೈಗೆಂದೇ ಮಾಡಿದ ಚಾಕು ಬೇಕು. ಕ್ರಿಸ್ ರೀವ್ ಅವರ ಸೆಬೆಂಜಾ ಎಂಬ ಫ್ರೇಮ್ ಲಾಕ್ ಚಾಕು ಹಾಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮಾಡಿದ್ದು ಸಿಗುತ್ತದೆ. ಬೆಲೆ ನಿಮ್ಮ ಬಜೆಟ್ಟಿನ ಎರಡು ಪಟ್ಟಿಗಿಂತ ಜಾಸ್ತಿ. ಸುಮ್ನೆ ಆಸೆ ಹುಟ್ಟಿಸುವುದಿಲ್ಲ, ಮುಂದೆ ಹೋಗೋಣ.

ಬಾಯಿಯ ವಿಷಯ ಯಾರೂ ಹೇಳುವುದಿಲ್ಲ. ಎರಡೂ ಮುಖ ಸಮನಾಗಿ ಮಸೆದ ಅಲಗಿಗೆ ಎಡ ಬಲ ಇಲ್ಲ. ಒಂದೇ ಮುಖ ಮಸೆದಿದ್ದರೆ ಇದೆ. ಜಪಾನಿನ ಕೆಲವು ಅಡಿಗೆಮನೆ ಚಾಕುಗಳು, ನರ್ಸರಿಯಲ್ಲಿ ಕಸಿ ಕಟ್ಟುವ ಚಾಕುಗಳು ಹೀಗಿರುತ್ತವೆ. ಬಲಗೈಗೆ ಮಸೆದದ್ದನ್ನು ನೀವು ಹಿಡಿದರೆ ಕೊಯ್ದ ಗೆರೆ ವಾಲುತ್ತದೆ. ಗರಗಸದಂತೆ ಹಲ್ಲಿರುವ ಅಲಗಿನಲ್ಲೂ ಹಲ್ಲನ್ನು ಒಂದೇ ಕಡೆಯಿಂದ ಕೊರೆದಿರುತ್ತಾರೆ. ಇನ್ನೊಂದು ಗುಟ್ಟಿದೆ. ಸಮ ಬಾಯಿಯ ಚಾಕುವನ್ನೂ ಒಬ್ಬನೇ ಬಲಗೈಯವನು ಇಪ್ಪತ್ತು ವರ್ಷ ಕಲ್ಲಿಗೆ ಉಜ್ಜಿದರೆ ಒಂದು ಮುಖ ಜಾಸ್ತಿ ಸವೆದಿರುತ್ತದೆ. ಹಳೆಯ ಚಾಕು ಕೊಂಡಾಗ ಅಲಗನ್ನು ಬೆಳಕಿಗೆ ಹಿಡಿದು ಮೊನೆಯ ಕಡೆಯಿಂದ ನೋಡಿ, ಬಾಯಿಯ ಗೆರೆ ನಡುವೆ ಇದೆಯಾ ಎಂದು. ಇಲ್ಲದಿದ್ದರೆ ನಾಲ್ಕೈದು ಸಲ ಮಸೆಯುವುದರಲ್ಲಿ ಸರಿಮಾಡಬಹುದು, ಒಂದೇ ಸಲಕ್ಕೆ ಹಠ ಹಿಡಿಯಬಾರದು.

(ತೋಟದವರು ನೀವು, ಹಾಗಾಗಿ ಒಂದು ಮಾತು. ಕಪಾತಿನ, ಅಂದರೆ ಗಿಡ ಸವರುವ, ಕತ್ತರಿಯಲ್ಲೂ ಇದೇ ಕಥೆ. ಬಲಗೈ ಕತ್ತರಿ ಹಿಡಿದರೆ ಎಡಗೈಯವರಿಗೆ ಕತ್ತರಿಸುವ ಜಾಗವೇ ಕಾಣುವುದಿಲ್ಲ. ಫೆಲ್ಕೊದವರ 9 ಮತ್ತು 10ನೇ ನಂಬರಿನ ಕತ್ತರಿ ಎಡಗೈಗೆಂದೇ ಇರುವುದು. ಚಾಕುವಿಗಿಂತ ಮೊದಲು ಅದನ್ನು ತಗೊಂಡರೂ ನಾನು ಬೇಡ ಎನ್ನುವುದಿಲ್ಲ.)

ಹಾಗಾದರೆ ಯಾವುದು ತಗೊಳ್ಳುವುದು?

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಒಂದು ಒಪಿನೆಲ್ 8ನೇ ನಂಬರ್ ಎಡಗೈ ಮಾದರಿ ತರಿಸಿ ಕೈ ಪಳಗಿಸುತ್ತಿದ್ದೆ. ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ ಚಾಕು ಇದು. ಅಲಗು 8.5 ಸೆಂಟಿಮೀಟರ್. ಬಲಗೈ ಮಾದರಿಗೂ ಎಡಗೈ ಮಾದರಿಗೂ ವ್ಯತ್ಯಾಸ ಇಷ್ಟೇ: ಉಗುರು ಗೀರು ಬಲಮುಖದಲ್ಲಿದೆ. ಕುತ್ತಿಗೆಯಲ್ಲಿ ತಿರುಗಿಸುವ ಉಕ್ಕಿನ ಬಳೆಯೇ ಲಾಕ್. ಆ ಬಳೆ ಬಂದದ್ದು 1955ರಲ್ಲಿ. ಮುಚ್ಚುವಾಗ ಬೆರಳು ಅಲಗಿನ ದಾರಿಯಲ್ಲಿ ಇರಬೇಕಾಗಿಯೇ ಇಲ್ಲ. ಬೆಲೆಯೂ ಕಡಿಮೆ, ನಿಮ್ಮ ದುಡ್ಡಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಆದರೆ ನಮ್ಮ ಮಳೆಗಾಲ ಇದಕ್ಕೆ ಆಗಿಬರುವುದಿಲ್ಲ. ಮರದ ಹಿಡಿ ಜುಲೈ ತಿಂಗಳ ಶೀತ ಹೀರಿ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗ ಉಗುರಿನಿಂದ ಎಳೆಯಲು ಹೋಗಬೇಡಿ. ಬಳೆ ತೆರೆದಿಟ್ಟು ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಟಕ್ ಟಕ್ ಎಂದು ಎರಡೇಟು ಕೊಡಿ. ಅಲಗು ತಾನೇ ಸ್ವಲ್ಪ ಮೇಲೆದ್ದು ಬರುತ್ತದೆ. ಸವೊಯ್‌ನವರೂ ಹೀಗೇ ಮಾಡುವುದು. ಮಳೆ ಹಿಡಿಯುವ ಮುಂಚೆ ಹಿಡಿಗೆ ಅಗಸೆ ಎಣ್ಣೆ ಎರಡು ಕೈ ಹಚ್ಚಿ ಒಣಗಿಸಿದರೆ ಕಾಟ ಕಡಿಮೆ.

ಷೋಕೇಸಿಗೆ ಬೇಕಾದ್ದು ಇದಲ್ಲ ಎನ್ನುತ್ತೀರಿ, ಗೊತ್ತು. ಅಲ್ಲಿಗೆ ಲಾಕ್ ಇಲ್ಲದ, ಬೆನ್ನಿನ ಸ್ಪ್ರಿಂಗಿನ ಬಲದಲ್ಲಿ ನಿಲ್ಲುವ ಚಾಕು ಚೆಂದ. ಸ್ಲಿಪ್‌ಜಾಯಿಂಟ್ ಎನ್ನುತ್ತಾರೆ. ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ. ಮುಚ್ಚಿದಾಗ ಅಲಗಿನ ಬೆನ್ನು ಹಿಡಿಯಿಂದ ಎಷ್ಟು ಹೊರಗೆ ಕಾಣುತ್ತದೆ? ಎರಡು ಬೆರಳಲ್ಲಿ ಚಿವುಟಿ ಎತ್ತುವಷ್ಟು ಕಂಡರೆ ಗೀರು ಯಾವ ಮುಖದಲ್ಲಿದ್ದರೇನು. ಕೆಲವು ಚಾಕುಗಳ ಹಿಡಿಯಲ್ಲೇ ಅರ್ಧಚಂದ್ರದ ಕಚ್ಚು ತೆಗೆದಿರುತ್ತಾರೆ, ಅಲಗನ್ನು ಎರಡೂ ಕಡೆಯಿಂದ ಹಿಡಿಯಲೆಂದೇ. ಎಡಗೈಯವರಿಗೆ ಅದು ವರ. ಫೋಟೊದಲ್ಲಿ ಒಂದೇ ಮುಖ ತೋರಿಸುತ್ತಾರೆ. ಎರಡೂ ಮುಖದ ಫೋಟೊ, ಮುಚ್ಚಿದ ಚಾಕುವಿನ ಫೋಟೊ ಬೇಕು ಎಂದು ಹಟ ಹಿಡಿಯಿರಿ. ಲಾಕ್ ಇಲ್ಲದ ಚಾಕುವಿನ ಅಪಾಯ ಎಲ್ಲರಿಗೂ ಒಂದೇ: ಚುಚ್ಚುವ, ಮೀಟುವ ಕೆಲಸಕ್ಕೆ ಹೋದರೆ ಬೆರಳ ಮೇಲೆ ಮಡಚುತ್ತದೆ. ಕಿತ್ತಳೆಗೆ ಸಾಕು, ಕಾಡುಬಳ್ಳಿಗೆ ಬೇಡ.

ಲಗಿಯೋಲ್ ಚಾಕುವಿನ ಬಗ್ಗೆ ನೀವು ಕೇಳಿಲ್ಲ, ಆದರೆ ಹುಡುಕಲು ಕೂತರೆ ಎದುರಾಗುತ್ತದೆ. ತೆಳ್ಳನೆ ಮೈ, ಸ್ಪ್ರಿಂಗಿನ ತಲೆಯಲ್ಲಿ ಜೇನುನೊಣ. ಲಗಿಯೋಲ್ ಎಂಬುದು ಫ್ರಾನ್ಸಿನ ಒಂದು ಊರು, ಕಂಪನಿ ಅಲ್ಲ. ಹಾಗಾಗಿ ಎಲ್ಲೆಲ್ಲೋ ಮಾಡಿದ ಅಗ್ಗದ ಚಾಕುವಿನ ಮೇಲೂ ಆ ಹೆಸರು ಹೊಡೆದಿರುತ್ತಾರೆ. ನೊಣವನ್ನು ಸ್ಪ್ರಿಂಗಿನದೇ ಉಕ್ಕಿನಲ್ಲಿ ಬಡಿದು ಮೂಡಿಸಿದ್ದಾರೋ, ಬೇರೆ ಮಾಡಿ ಅಂಟಿಸಿದ್ದಾರೋ ನೋಡಿ. ಅಂಟಿಸಿದ್ದೆಲ್ಲ ಕಳಪೆ ಅಲ್ಲ, ಆದರೆ ಬಡಿದು ಮೂಡಿಸಿದ್ದು ಕೈಕೆಲಸದ ಗುರುತು. ಮುಚ್ಚುವಾಗ ಟಪ್ಪೆಂದು ಬಿಡಬೇಡಿ, ಕೈಯಿಂದ ಮೆಲ್ಲಗೆ ಇಳಿಸಿ. ಇಲ್ಲದಿದ್ದರೆ ಬಾಯಿ ಸ್ಪ್ರಿಂಗಿಗೆ ಬಡಿದು ಮುಕ್ಕಾಗುತ್ತದೆ.

ಲಾಕ್ ಇರಲೇಬೇಕು ಎಂದರೆ ಬ್ಯಾಕ್ ಲಾಕ್. ಒತ್ತುವ ಜಾಗ ಹಿಡಿಯ ಬೆನ್ನಿನ ಮೇಲೇ, ಎಡಬಲ ಎಂಬ ಭೇದವೇ ಇಲ್ಲ. ಬಕ್ 110 ಇದರಲ್ಲಿ ಹೆಸರುವಾಸಿ, 1964ರಿಂದ ಬರುತ್ತಿದೆ. ಮರ, ಹಿತ್ತಾಳೆ, ನೋಡಲು ಗಂಭೀರ. ತೂಕ ಮಾತ್ರ 200 ಗ್ರಾಂ ಆಸುಪಾಸು, ಸೀರೆ ಉಟ್ಟಾಗ ಇಡುವುದೆಲ್ಲಿ? ಕೊಡವ ಸೀರೆಗಂತೂ ಜೇಬಿಲ್ಲ. ಸ್ಪೈಡರ್ಕೊ ಡೆಲಿಕಾ ಹಗುರ, ಹೆಬ್ಬೆರಳಿನ ತೂತು ಎರಡೂ ಕಡೆಗೆ ಸಿಗುತ್ತದೆ, ಕ್ಲಿಪ್ಪನ್ನು ನಾಲ್ಕು ಜಾಗಕ್ಕೆ ಬದಲಾಯಿಸಬಹುದು. ಎಡಗೈಗೆ ಅದಕ್ಕಿಂತ ಸಲೀಸಾದದ್ದು ಸಿಗುವುದು ಕಡಿಮೆ. ಆದರೆ ಪ್ಲಾಸ್ಟಿಕ್ ಹಿಡಿ, ನಿಮ್ಮ ಷೋಕೇಸಿನಲ್ಲಿ ಮದುವೆಮನೆಗೆ ಬರ್ಮುಡಾ ಹಾಕಿ ಬಂದವನಂತೆ ಕಾಣುತ್ತದೆ. ಅಡ್ಡಕಡ್ಡಿ ಎಳೆಯುವ ಲಾಕ್ ಕೂಡ ಎರಡೂ ಕೈಗೆ ಒಂದೇ, ಬೆಂಚ್‌ಮೇಡ್‌ನವರು ಆಕ್ಸಿಸ್ ಎಂದು ಕರೆಯುವುದು. ಅದರೊಳಗೆ ಕೂದಲೆಳೆಯಂಥ ಸ್ಪ್ರಿಂಗುಗಳಿವೆ, ವರ್ಷಗಳ ಮೇಲೆ ಮುರಿಯುವುದುಂಟು.

ಜಪಾನಿನ ಹಿಗೊನೊಕಾಮಿ ನನ್ನ ಮನಸ್ಸಿಗೆ ಹತ್ತಿರ. ಮಿಕಿ ಎಂಬ ಊರಿನದು, ಮಡಚಿದ ತಗಡಿನ ಹಿಡಿ, ಅಲಗಿನ ಹಿಂದೆ ಚಾಚಿದ ಸಣ್ಣ ಬಾಲ. ಬಾಲ ಒತ್ತಿದರೆ ಅಲಗು ಏಳುತ್ತದೆ, ಯಾವ ಕೈಯಾದರೂ ಸರಿ. ಲಾಕ್ ಇಲ್ಲ, ಕೊಯ್ಯುವಾಗ ಬಾಲದ ಮೇಲೆ ಹೆಬ್ಬೆರಳು ಇರಲೇಬೇಕು. ಒಂದೇ ಮುಖ ಮಸೆದದ್ದೂ ಬರುತ್ತದೆ, ಅದನ್ನು ಕೇಳಿಕೊಂಡು ತಗೊಳ್ಳಿ.

ಕೊನೆಯ ದಾರಿ, ಕೈಯಿಂದ ಮಾಡುವವರಿಗೆ ಹೇಳಿ ಮಾಡಿಸುವುದು. ಗೀರು ಬಲಮುಖಕ್ಕೆ ಬೇಕು ಎಂದರೆ ಹದ ಮಾಡುವ ಮುಂಚೆಯೇ ಹೊಡೆಯುತ್ತಾರೆ, ಖರ್ಚೇನೂ ಹೆಚ್ಚಿಲ್ಲ. ಆದರೆ ತಿಂಗಳುಗಟ್ಟಲೆ ಕಾಯಬೇಕು, ಸೆಪ್ಟೆಂಬರ್ 3ರ ಹಬ್ಬಕ್ಕೆ ಕೈಗೆ ಬರುವುದಿಲ್ಲ.

ಕಡವೆ ಕೊಂಬು ಬೇಡವೇ ಬೇಡ. ವಿದೇಶಿ ಚಾಕುಗಳ ಹಿಡಿಗೆ ಒಂದು ಕಾಲಕ್ಕೆ ನಮ್ಮ ಕಡವೆಯ ಕೊಂಬೇ ಹೋಗುತ್ತಿತ್ತು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದರ ವ್ಯಾಪಾರ ಅಪರಾಧ. ‘ತಾನಾಗಿ ಉದುರಿದ ಕೊಂಬು’ ಎಂಬ ಮಾತಿಗೆ ದುಡ್ಡು ಕೊಡಬೇಡಿ. ಮನೆಯಲ್ಲಿ ದಂತದ ಹಿಡಿಯ ಹಳೆಯ ಪೀಚೆಕತ್ತಿ (ಕೊಡವರ ಸೊಂಟದ ಕಿರುಗತ್ತಿ) ಇದ್ದರೆ ಅದರ ಕಾಗದಪತ್ರ ಸರಿಯಿದೆಯಾ ನೋಡಿಕೊಳ್ಳಿ, ಮಾರುವ ಮಾತಂತೂ ಆಡಬೇಡಿ. ಹಿಡಿಗೆ ಎಮ್ಮೆ ಕೊಂಬು, ಬೀಟೆ ಮರ ಇವೆಯಲ್ಲ. ಎಡಗೈಯಲ್ಲಿ ಬೀಟೆ ಹಿಡಿಯ ಚಾಕು ಹಿಡಿದವರನ್ನು ನಾನು ನೋಡಿದ್ದೇನೆ, ಕೊಂಬನ್ನು ಮರೆತುಬಿಡುತ್ತೀರಿ.

ಲೈಸೆನ್ಸ್ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಲೆಕ್ಕದಲ್ಲಿ ಬಂದದ್ದು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿದೆ. ಅದನ್ನು ಹಿಡಿದುಕೊಂಡು ಯಾವ ಚಾಕುವನ್ನಾದರೂ ಎಲ್ಲಿಗಾದರೂ ಒಯ್ಯಬಹುದು ಎಂದುಕೊಳ್ಳಬೇಡಿ. ಆಯುಧ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು, ಮನೆಗೆಲಸ, ಕೃಷಿ ಮುಂತಾದವಕ್ಕೆ ಮಾಡಿದ್ದನ್ನು ಬಿಟ್ಟು. ನೀವು ನೋಡುತ್ತಿರುವ ಜೇಬುಚಾಕುಗಳು ಅದರ ಅರ್ಧವೂ ಇಲ್ಲ. ಗುಂಡಿ ಒತ್ತಿದರೆ ಚಿಮ್ಮುವ ಚಾಕುವಿನ ಹತ್ತಿರ ಮಾತ್ರ ಹೋಗಬೇಡಿ. ಬಟನ್ ಲಾಕ್ ಎಂಬುದು ಬೇರೆ, ಅದರಲ್ಲಿ ಗುಂಡಿ ಲಾಕ್ ಬಿಡಿಸುತ್ತದೆ ಅಷ್ಟೆ, ಅಲಗು ಚಿಮ್ಮುವುದಿಲ್ಲ. ಆದರೆ ಕಸ್ಟಮ್ಸ್‌ನಲ್ಲಿ ಪಾರ್ಸೆಲ್ ಬಿಚ್ಚಿದವರಿಗೆ ಆ ವ್ಯತ್ಯಾಸ ಯಾರು ಹೇಳುವುದು? ಆ ಗುಂಡಿಯೂ ಬಲ ಹೆಬ್ಬೆರಳಿಗೆ ಸಿಗುವ ಮುಖದಲ್ಲೇ ಇರುತ್ತದೆ, ನೀವು ತೋರುಬೆರಳಲ್ಲಿ ಒತ್ತಬೇಕು. ವಿಮಾನದಲ್ಲಿ ಹೋಗುವಾಗ ಎಷ್ಟೇ ಸಣ್ಣದಿದ್ದರೂ ಕೈಚೀಲದಲ್ಲಿ ಇಡಬೇಡಿ.

ಉಕ್ಕು ಯಾವುದಿರಲಿ ಎಂದರೆ, ನಾಪೋಕ್ಲಿನ ಮಳೆಗೆ ಸ್ಟೇನ್‌ಲೆಸ್ ತಗೊಳ್ಳಿ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ನಿಜ. ಆದರೆ ಕಿತ್ತಳೆ ಕೊಯ್ದು ಹತ್ತು ನಿಮಿಷ ಬಿಟ್ಟರೆ ಕಪ್ಪು ಕಲೆ, ಹಣ್ಣಿಗೆ ಕಬ್ಬಿಣದ ರುಚಿ. ಕೊಡಗಿನ ಹುಳಿ ಕಾಚಂಪುಳಿ ಹಚ್ಚಿದ ಮಾಂಸಕ್ಕೆ ತಾಗಿಸಿದರಂತೂ ಅಲಗು ನೋಡುವ ಹಾಗಿರುವುದಿಲ್ಲ. ಚಾಕುವನ್ನು ಚರ್ಮದ ಒರೆಯಲ್ಲಿಟ್ಟು ಮಳೆಗಾಲ ಕಳೆಯಬೇಡಿ. ಚರ್ಮ ನೀರು ಹೀರುತ್ತದೆ, ಚರ್ಮ ಹದ ಮಾಡಲು ಬಳಸಿದ ಉಪ್ಪು ಹುಳಿ ಅಲಗಿಗೆ ಇಳಿಯುತ್ತದೆ. ಒರೆಯಿಂದ ಹೊರತೆಗೆದು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಕೈಲ್ ಪೊಳ್ದ್ ದಿನ ಕೋವಿ ಕತ್ತಿಗಳ ಜೊತೆ ಈ ಚಾಕುವನ್ನೂ ಇಟ್ಟು ಗಂಧ ಹಚ್ಚಿ, ತೋಕ್‌ಪೂ ಎಂಬ ಹೂ ಇಡುತ್ತೀರಿ. ಪೂಜೆ ಆದ ಸಂಜೆಯೇ ಒದ್ದೆ ಬಟ್ಟೆಯಲ್ಲಿ ಗಂಧ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಪ್ರತಿ ಸೆಪ್ಟೆಂಬರ್ ಎರಡನೇ ವಾರ ನನ್ನ ಅಂಗಡಿಗೆ ಬರುವ ಕತ್ತಿಗಳಲ್ಲಿ ತುಕ್ಕು ಎಲ್ಲಿರುತ್ತದೆ ಗೊತ್ತಾ? ಬೊಟ್ಟಿಟ್ಟ ಜಾಗದಲ್ಲಿ, ಬೊಟ್ಟಿನಷ್ಟೇ ಗುಂಡಗೆ.

ಕೀಲಿಗೆ ತೆಂಗಿನೆಣ್ಣೆ ಬಿಡಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ನೋಡುತ್ತೇವಲ್ಲ. ಕೀಲಿನೊಳಗೂ ಅದೇ ಆಗುತ್ತದೆ, ಆಮೇಲೆ ಕಮಟಿ ಗೋಂದಾಗುತ್ತದೆ. ಹೊಲಿಗೆ ಮಷಿನ್ನಿನ ಎಣ್ಣೆ ಒಂದು ತೊಟ್ಟು ಸಾಕು. ಹಣ್ಣು ಕೊಯ್ಯುವ ಅಲಗಿಗೆ ಮಾತ್ರ ತಿನ್ನಲು ತೊಂದರೆಯಿಲ್ಲದ ಮಿನರಲ್ ಆಯಿಲ್. ಅಪ್ಪನ ಚಾಕುವಿನ ಕೀಲಿಗೆ ಇವತ್ತೇ ಒಂದು ತೊಟ್ಟು ಬಿಡಿ. ಮೂರು ದಿನ ಬಿಟ್ಟೂ ಬಿಗಿ ಇಳಿಯದಿದ್ದರೆ ಗೋಣಿಕೊಪ್ಪದ ಕಡೆ ಬಂದಾಗ ತನ್ನಿ, ಬಿಚ್ಚದೆಯೇ ತೊಳೆದು ಕೊಡುತ್ತೇನೆ.